ಕಣಗಿಲೆ ಬೇಲಿ, ಹಿತ್ತಿಲ ಕೋಳಿ

ಪ್ರಶ್ನೆ: ಡಾಕ್ಟರೇ, ನಮ್ಮ ಮನೆ ಕೆಂಗೇರಿ ಕಡೆ. ಮನೆ ಹಿಂದಿನ ಥರ್ಟಿ ಫಾರ್ಟಿ ಸೈಟೂ ನಮ್ಮದೇ, ಅದರಲ್ಲಿ ಕೋಳಿ ಸಾಕಿದ್ದೇವೆ. ಒಂದು ಹುಂಜ, ಮೂರು ಗಿರಿರಾಜ ಹೇಟೆ, ಎರಡು ನಾಟಿ ಹೇಟೆ. ಕಾಂಪೌಂಡ್ ಉದ್ದಕ್ಕೂ ಕಣಗಿಲೆ ಇದೆ. ಮೂಲೆಯಲ್ಲಿ ತಾನಾಗಿ ಹುಟ್ಟಿದ ಹರಳು ಗಿಡ, ಅದರ ಹಿಂದೆ ಲಂಟಾನ. ಪಕ್ಕದ ಮನೆಯ ಬೆಣ್ಣೆಹಣ್ಣಿನ ಮರ ಅರ್ಧ ನಮ್ಮ ಕಡೆಗೇ ಬಾಗಿದೆ. ಹೋದ ವಾರ ಒಂದು ಗಿರಿರಾಜ ಹೇಟೆ ಸತ್ತಿತು. ಮೂರು ದಿನ ಮಂಕಾಗಿ ಕೂತಿತ್ತು, ಹಸಿರು ನೀರಿನ ಥರ ಹಿಕ್ಕೆ ಹಾಕುತ್ತಿತ್ತು, ಕೊನೆಗೆ ಕತ್ತು ತಿರುಚಿಕೊಂಡಿತು. ಕಣಗಿಲೆ ತಿಂದಿರಬೇಕು ಅಂತ ನಮ್ಮತ್ತೆ. ಇಂಟರ್‌ನೆಟ್ಟಿನಲ್ಲಿ ಹುಡುಕಿದರೆ ಅರವತ್ತು ವಿಷದ ಗಿಡಗಳ ಪಟ್ಟಿ ಸಿಕ್ಕಿತು. ನಾವು ತಿನ್ನುವ ಕಾಗೆ ಸೊಪ್ಪೂ ಅದರಲ್ಲಿದೆ! ಗಿಡ ಎಲ್ಲ ಕೀಳಿಸಬೇಕಾ, ಇಲ್ಲ ಕೋಳಿಗಳನ್ನೇ ಯಾರಿಗಾದರೂ ಕೊಟ್ಟುಬಿಡಬೇಕಾ?

ಉತ್ತರ: ಎರಡೂ ಬೇಡ. ಆದರೆ ಗಿಡದ ಮಾತಿಗಿಂತ ಮೊದಲು ಸತ್ತ ಹೇಟೆಯ ಮಾತು, ಯಾಕೆಂದರೆ ಅದಕ್ಕೆ ಅವಸರ ಇದೆ.

ಕಣಗಿಲೆ ಹೊಟ್ಟೆಗೆ ಹೋದ ಕೋಳಿ ಸಾಮಾನ್ಯವಾಗಿ ಮೂರು ದಿನ ಮಂಕಾಗಿ ಕೂರುವುದಿಲ್ಲ. ಆ ವಿಷ ನೇರವಾಗಿ ಎದೆಬಡಿತಕ್ಕೆ ಕೈ ಹಾಕುತ್ತದೆ. ಬೆಳಗ್ಗೆ ಚೆನ್ನಾಗಿದ್ದ ಕೋಳಿ ಮಧ್ಯಾಹ್ನದ ಹೊತ್ತಿಗೆ ನಿಲ್ಲಲಾರದೆ ಬಿದ್ದಿರುತ್ತದೆ, ಕೆಲವು ಸಲ ಸುಮ್ನೆ ಸತ್ತು ಬಿದ್ದಿರುತ್ತದೆ. ಕತ್ತು ತಿರುಚುವುದು, ಹಸಿರು ಹಿಕ್ಕೆ, ದಿನಗಟ್ಟಲೆ ಮಂಕು, ಈ ಮೂರೂ ಒಟ್ಟಿಗೆ ಬಂದರೆ ನನ್ನ ಮನಸ್ಸಿಗೆ ಮೊದಲು ಬರುವುದು ಕೊಕ್ಕರೆ ರೋಗ. ರಾಣಿಖೇತ್ ಅಂತ ಹೇಳುತ್ತಾರಲ್ಲ, ಅದೇ. 1927ರ ಸುಮಾರಿಗೆ ಹಿಮಾಲಯದ ತಪ್ಪಲಿನ ರಾಣಿಖೇತ್ ಊರಿನಲ್ಲಿ ಗುರುತಿಸಿದ್ದರಿಂದ ಆ ಹೆಸರು ಬಂತು. ಅದು ವೈರಸ್ಸಿನ ಕಾಯಿಲೆ. ಕಣ್ಣಾರೆ ನೋಡದೆ, ಕುಯ್ದು ನೋಡದೆ ಇದೇ ಅಂತ ಯಾರೂ ಆಣೆ ಹಾಕುವಂತಿಲ್ಲ. ಆದರೆ ಕಣಗಿಲೆಯನ್ನು ಬೈಯುತ್ತಾ ಕೂತರೆ ಉಳಿದ ಐದಕ್ಕೂ ಅದು ಹಬ್ಬಬಹುದು.

ಹಾಗಾಗಿ ಇವತ್ತೇ ಹತ್ತಿರದ ಪಶು ಆಸ್ಪತ್ರೆಗೆ ಹೋಗಿ. ಉಳಿದ ಕೋಳಿಗಳಿಗೆ ಲಸಿಕೆ ಯಾವಾಗ ಹಾಕಿದ್ದು ಅಂತ ಅವರು ಕೇಳುತ್ತಾರೆ. ಗಿರಿರಾಜ ಮರಿ ತರುವವರ ಮನೆಯಲ್ಲಿ ನಾನು ಕಾಣುವುದು ಒಂದೇ ಕಥೆ. ಮರಿ ಕೊಟ್ಟವರು ಮೊದಲ ವಾರದಲ್ಲಿ ಕಣ್ಣಿಗೋ ಮೂಗಿಗೋ ಒಂದು ಹನಿ ಲಸಿಕೆ ಹಾಕಿರುತ್ತಾರೆ. ಎಂಟನೇ ವಾರದ ಇಂಜೆಕ್ಷನ್ ಮಾತ್ರ ಯಾರಿಗೂ ನೆನಪಿರುವುದಿಲ್ಲ. ಒಂದು ಶೀಶೆಯಲ್ಲಿ ನೂರು ಕೋಳಿಗಾಗುವಷ್ಟು ಇರುತ್ತದೆ, ಕಲಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು. ಐದು ಕೋಳಿಗೆ ಅದನ್ನು ಒಡೆಯಬೇಕಲ್ಲ ಅಂತ ಜನ ಹಿಂಜರಿಯುತ್ತಾರೆ. ನಿಮ್ಮ ಬೀದಿಯಲ್ಲಿ ಇನ್ನೂ ನಾಲ್ಕು ಮನೆಯಲ್ಲಿ ಕೋಳಿ ಇದ್ದರೆ ಎಲ್ಲರೂ ಸೇರಿ ಒಂದೇ ದಿನ ಹಾಕಿಸಿ. ಅಷ್ಟರವರೆಗೆ ಯಾವ ಕೋಳಿ ಮಂಕಾಗಿದೆಯೋ ಅದು ಬೇರೆ, ಚುರುಕಾಗಿರುವವು ಬೇರೆ. ನೀರಿನ ಬಟ್ಟಲೂ ಬೇರೆ.

ಈಗ ಗಿಡಕ್ಕೆ ಬರೋಣ.

ಹಿತ್ತಿಲಲ್ಲಿ ನಿಂತಿರುವ ಗಿಡವನ್ನು ತಾನಾಗಿ ಹೋಗಿ ತಿಂದು ಸತ್ತ ಕೋಳಿಯನ್ನು ನಾನು ಕಂಡಿರುವುದು ಬಹಳ ಕಮ್ಮಿ. ನಾವೇ ಕೈಯಾರೆ ಗೂಡಿನೊಳಗೆ ಹಾಕಿದ್ದನ್ನು ತಿಂದು ಸತ್ತವನ್ನು ಸಾಕಷ್ಟು ಕಂಡಿದ್ದೇನೆ. ಬಿಟ್ಟ ಕೋಳಿಗೆ ಆಯ್ಕೆ ಇರುತ್ತದೆ. ಹುಲ್ಲಿದೆ, ಹುಳ ಇದೆ, ಗೆದ್ದಲಿದೆ, ಉದುರಿದ ಕಾಳಿದೆ. ಕಣಗಿಲೆ ಎಲೆಯನ್ನು ಒಂದು ಸಲ ಕುಕ್ಕಿ ನೋಡುತ್ತದೆ, ಕಹಿ ತಾಗಿದರೆ ತಲೆ ಕೊಡವಿ, ಕೊಕ್ಕನ್ನು ನೆಲಕ್ಕೆ ಉಜ್ಜಿ ಮುಂದೆ ಹೋಗುತ್ತದೆ. ಕೋಳಿ ಬಾಯಲ್ಲಿ ರುಚಿ ಹಿಡಿಯುವ ಮೊಗ್ಗುಗಳು ಕೆಲವೇ ನೂರು, ನಮಗೆ ಸಾವಿರಗಟ್ಟಲೆ. ಸಿಹಿ ಅದಕ್ಕೆ ಗೊತ್ತೇ ಆಗುವುದಿಲ್ಲ. ಕಹಿ ಗೊತ್ತಾಗುತ್ತದೆ, ಗೊತ್ತಾದದ್ದು ಮರೆಯುವುದೂ ಇಲ್ಲ. ಮೊಟ್ಟೆಯೊಡೆದ ಮರುದಿನದ ಮರಿಗೆ ಕಹಿ ಸವರಿದ ಬಣ್ಣದ ಮಣಿ ಕೊಟ್ಟು ನೋಡಿದ್ದಾರೆ. ಒಂದೇ ಒಂದು ಸಲ ಕುಕ್ಕಿದ ಮರಿ ಆಮೇಲೆ ಆ ಬಣ್ಣದ ಮಣಿಯ ತಂಟೆಗೆ ಹೋಗುವುದಿಲ್ಲ.

ಆದರೆ ಈ ಜಾಣತನ ಕೈಕೊಡುವ ಸಂದರ್ಭಗಳಿವೆ, ನಿಮ್ಮ ಮನೆಯಲ್ಲಿ ನೋಡಬೇಕಾದದ್ದು ಅದನ್ನು.

ಯಲಹಂಕದ ಹತ್ತಿರ ಒಂದು ಮನೆಗೆ ಹೋಗಿದ್ದೆ. ಭಾನುವಾರ ಮಾಲಿ ಬಂದು ಬೇಲಿ ಕತ್ತರಿಸಿದ್ದ. ಕತ್ತರಿಸಿದ್ದನ್ನು ಗುಡಿಸಿ, ಹಸಿರಲ್ವಾ, ಕೋಳಿ ತಿನ್ನಲಿ ಅಂತ ಗೂಡಿನೊಳಗೆ ಸುರಿದಿದ್ದ. ಅವನದೇನೂ ತಪ್ಪಿಲ್ಲ, ಹಸುವಿಗೆ ಹಾಕಿ ಅಭ್ಯಾಸ. ಗೂಡು ಅಂದರೆ ಮಂಚದಷ್ಟು ಜಾಗ, ನೆಲ ಬೋಳು ಸಿಮೆಂಟು. ನಾನು ಹೋದಾಗ ಬೇರೆ ಗಿಡದ ಕತ್ತರಿಸಿದ ಚೂರುಗಳು ಇನ್ನೂ ಬಿದ್ದಿದ್ದವು. ಒಂದು ಹೇಟೆ ಉದ್ದನೆಯ ಎಲೆಯೊಂದನ್ನು ಕಚ್ಚಿಕೊಂಡು ಓಡಿತು. ಓಡಿದ್ದೇ ತಡ ಉಳಿದ ಮೂರೂ ಹಿಂದೆ ಬಿದ್ದವು. ಮೊದಲನೆಯದು ಕಿತ್ತುಕೊಂಡಾರೆಂಬ ಭಯಕ್ಕೆ ಎಲೆಯನ್ನು ರುಚಿ ನೋಡದೆ ಹಾಗೇ ನುಂಗಿತು. ಅಷ್ಟೇ. ಕಹಿ ಅಂತ ತಿಳಿಯುವ ಹೊತ್ತಿಗೆ ಎಲೆ ಕತ್ತಿನ ಬುಡದ ಮೇವಿನ ಚೀಲದಲ್ಲಿತ್ತು. ಹಸಿದ, ಕೂಡಿಟ್ಟ, ಬೇಸರ ಬಂದ ಕೋಳಿಗಳ ಮಧ್ಯೆ ಏನು ಎಸೆದರೂ ಹೀಗೇ ಆಗುತ್ತದೆ. ಅದು ಪುಣ್ಯಕ್ಕೆ ದಾಸವಾಳದ ಎಲೆ. ಆದರೆ ಹಿಂದಿನ ದಿನ ಆ ಮನೆಯಲ್ಲಿ ಸತ್ತ ಎರಡರ ಚೀಲದಲ್ಲಿ ಕಣಗಿಲೆಯ ತುಂಡುಗಳಿದ್ದವು.

ಕಣಗಿಲೆಯ ಎಲೆ, ಹೂ, ಕಾಂಡ, ಬೇರು ಎಲ್ಲವೂ ವಿಷ. ಹಳದಿ ಹೂವಿನ ಕಾಡು ಕಣಗಿಲೆಯದೂ ಅದೇ ಜಾತಿಯ ವಿಷ, ಅದರ ಬೀಜ ಇನ್ನೂ ಜೋರು. ಒಣಗಿದರೆ ವಿಷ ಹೋಗುತ್ತದೆ ಅಂತ ಹಲವರು ನಂಬಿದ್ದಾರೆ. ಹೋಗುವುದಿಲ್ಲ. ಎಲೆ ನೆನೆದ ನೀರಿಗೂ ವಿಷ ಇಳಿಯುತ್ತದೆ. ಆದ್ದರಿಂದ ನಿಮ್ಮ ಬೇಲಿ ಇರಲಿ, ಆದರೆ ನೀರಿನ ಬಟ್ಟಲನ್ನು ಅದರ ನೆರಳಿನಿಂದ ಎತ್ತಿ ಬೇರೆ ಕಡೆ ಇಡಿ. ಬೇಸಿಗೆಯಲ್ಲಿ ಎಲ್ಲರೂ ಬಟ್ಟಲು ಇಡುವುದು ಗಿಡದ ನೆರಳಿಗೇ. ಬೇಲಿ ಕತ್ತರಿಸುವ ದಿನ ಕೋಳಿಗಳು ಗೂಡಿನಿಂದ ಹೊರಗೆ ಬರಬಾರದು, ಕತ್ತರಿಸಿದ್ದು ಗೂಡಿನ ಕಡೆ ಬರಬಾರದು. ಬುಡದಲ್ಲಿ ಮೊಣಕಾಲೆತ್ತರ ಕೋಳಿ ಜಾಲರಿ ಕಟ್ಟಿದರೆ ಉದುರಿದ ಎಲೆಯ ಚಿಂತೆಯೂ ತಪ್ಪುತ್ತದೆ.

ಮಾಲಿಗಿಂತ ನನಗೆ ಹೆಚ್ಚು ಭಯ ಇರುವುದು ದೇವರಮನೆಯ ಬುಟ್ಟಿಯದು. ನಗಬೇಡಿ. ನಿನ್ನೆಯ ಹೂ ತೆಗೆದು ಕಸಕ್ಕೆ ಹಾಕಲು ಮನಸ್ಸಾಗುವುದಿಲ್ಲ, ಕಾಲಿಗೆ ಸಿಗಬಾರದು ಅಂತ ಹಿತ್ತಿಲಿಗೆ ಹಾಕುತ್ತೇವೆ. ಅದರಲ್ಲಿ ಚೆಂಡು ಹೂ ಇದ್ದರೆ ಒಳ್ಳೆಯದೇ, ಮೊಟ್ಟೆಯ ಹಳದಿ ಗಾಢವಾಗುತ್ತದೆ, ಕೋಳಿ ಫಾರಂಗಳವರು ಅದರ ಸಾರವನ್ನೇ ಮೇವಿಗೆ ಬೆರೆಸುತ್ತಾರೆ. ಆದರೆ ಪೂಜೆಗೆ ಕಣಗಿಲೆ ಬರುತ್ತದೆ. ಗಣೇಶನಿಗೆ, ಆಂಜನೇಯನಿಗೆ ಎಕ್ಕದ ಹಾರ ಬರುತ್ತದೆ, ಎಕ್ಕದ ಹಾಲಿನಲ್ಲೂ ಕಣಗಿಲೆಯ ಥರದ್ದೇ ವಿಷ ಇದೆ. ಶಿವರಾತ್ರಿಗೆ ಉಮ್ಮತ್ತಿ ಹೂ, ಕಾಯಿ. ದೇವರಿಗೆ ಏರುವ ಈ ಮೂರೂ ಕೋಳಿಗೆ ಆಗದವು. ಬಸವನಗುಡಿ ಕಡೆಯಿಂದ ಒಬ್ಬರು ಸತ್ತ ಹುಂಜ ತಂದಿದ್ದರು, ಎಕ್ಕದ ಹೂ ತಿಂದು ಸತ್ತಿದೆ ಅಂತ. ಚೀಲ ಕುಯ್ದೆ. ಹೂವಿನ ಗುರುತೂ ಇರಲಿಲ್ಲ. ಹಾರ ಕಟ್ಟಿದ್ದ ದಾರ ಮಾತ್ರ ಮೊಳಗಟ್ಟಲೆ ಉಂಡೆಯಾಗಿ ನಿಂತು, ಹೊಟ್ಟೆಗೆ ಹೋಗುವ ದಾರಿಯನ್ನೇ ಮುಚ್ಚಿತ್ತು. ಹುಂಜ ಸತ್ತದ್ದು ಹಸಿವಿನಿಂದ. ದಾರ, ಉದ್ದನೆಯ ಒಣ ಹುಲ್ಲು, ತೆಂಗಿನ ನಾರು ಇವು ವಿಷವಲ್ಲ, ಆದರೂ ಕೊಲ್ಲುತ್ತವೆ. ಇವೆಲ್ಲ ಆ ಅರವತ್ತು ಗಿಡಗಳ ಪಟ್ಟಿಯಲ್ಲಿ ಇರುವುದಿಲ್ಲ ನೋಡಿ.

ನಿಮ್ಮ ಮೂಲೆಯ ಹರಳು ಗಿಡ. ಎಲೆಗಿಂತ ಬೀಜದ್ದೇ ತೊಂದರೆ. ಹರಳೆಣ್ಣೆಯಲ್ಲಿ ವಿಷ ಇರುವುದಿಲ್ಲ, ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿಯಲ್ಲಿ ಇರುತ್ತದೆ. ಚೆನ್ನಾಗಿ ಕಾಯಿಸದ ಹರಳು ಹಿಂಡಿಯನ್ನು ಗುಲಾಬಿ ಗಿಡಕ್ಕೆ ಗೊಬ್ಬರ ಅಂತ ನರ್ಸರಿಗಳಿಂದ ತಂದು ಹಾಕುತ್ತಾರಲ್ಲ, ಆ ಗೊಬ್ಬರ ತಿಂದು ನಾಯಿಗಳು ಸತ್ತದ್ದುಂಟು. ಕುದುರೆಗೆ ಹೋಲಿಸಿದರೆ ಕೋಳಿ ಹರಳನ್ನು ಬಹಳ ಜಾಸ್ತಿ ತಾಳಿಕೊಳ್ಳುತ್ತದೆ. ಹಾಗಂತ ಸಲುಗೆ ಬೇಡ. ಹೊಂಗೆ ಹಿಂಡಿಯೂ ಅಷ್ಟೇ, ಕೋಳಿಗೆ ಒಗ್ಗುವುದಿಲ್ಲ. ಯಾವ ಹಿಂಡಿ ಗೊಬ್ಬರ ಹಾಕಿದರೂ ಮಣ್ಣಿನೊಳಗೆ ಮುಚ್ಚಿ, ಮೇಲೆ ಒಂದು ತಟ್ಟೆ ಕಲ್ಲೋ ಜಾಲರಿಯೋ ಹಾಕಿ. ಹೊಸ ಗೊಬ್ಬರ ಹಾಕಿದ ಮಣ್ಣು ಅಂದರೆ ಕೋಳಿಗೆ ಜಾತ್ರೆ, ಕೆದಕದೆ ಬಿಡುವುದಿಲ್ಲ. ಹರಳು ಗಿಡ ತಾನಾಗಿ ಹುಟ್ಟಿದ್ದು ಅಂದಿರಿ, ಅದನ್ನು ಕಿತ್ತುಬಿಡಿ. ಅದರಿಂದ ನಿಮಗೇನೂ ಉಪಯೋಗ ಇಲ್ಲ.

ಬೀಜದ ವಿಷಯದಲ್ಲಿ ಕೋಳಿಯ ಹೊಟ್ಟೆಯ ಕೆಲಸ ಸ್ವಲ್ಪ ತಿಳಿದಿರಬೇಕು. ಮಾಂಸದಂಗಡಿಯಲ್ಲಿ ಲಿವರ್ ಜೊತೆ ಗಿಜರ್ಡ್ ಅಂತ ಕೊಡುತ್ತಾರಲ್ಲ, ಗಟ್ಟಿ ಉಂಡೆ, ಅದು ಕೋಳಿಯ ಬೀಸುಕಲ್ಲು. ಹಲ್ಲಿಲ್ಲದ ಕೋಳಿ ಸಣ್ಣ ಕಲ್ಲುಗಳನ್ನು ನುಂಗಿ ಅಲ್ಲಿಟ್ಟುಕೊಂಡು ಕಾಳು ಅರೆಯುತ್ತದೆ. ಗುಲಗಂಜಿ ಗೊತ್ತಲ್ಲ, ಕೆಂಪು ಮೈ, ಕಪ್ಪು ಮೂಗು. ಅದರ ಸಿಪ್ಪೆ ಎಷ್ಟು ಗಟ್ಟಿ ಅಂದರೆ ಮಗುವೊಂದು ಅಗಿಯದೆ ನುಂಗಿದರೆ ಎಷ್ಟೋ ಸಲ ಹಾಗೇ ಆಚೆ ಬರುತ್ತದೆ. ಕೋಳಿಯ ಬೀಸುಕಲ್ಲಿನಲ್ಲಿ ಆ ನಂಬಿಕೆ ಇಟ್ಟುಕೊಳ್ಳುವಂತಿಲ್ಲ, ಅದು ಇರುವುದೇ ಅರೆಯುವುದಕ್ಕೆ. ಚೌಕಾಬಾರ, ಅಳಗುಳಿ ಮಣೆ ಆಡುವ ಮನೆಗಳಲ್ಲಿ ಗುಲಗಂಜಿ ಈಗಲೂ ಡಬ್ಬಿಯಲ್ಲಿರುತ್ತದೆ. ಡಬ್ಬಿ ಮುಚ್ಚಿರಲಿ. ಹಾಗೇ ಗೌರಿ ಹೂವಿನ ಬಳ್ಳಿ, ಅಗ್ನಿಶಿಖೆ ಅನ್ನುತ್ತಾರೆ, ಚೆಂದಕ್ಕೆ ಕುಂಡದಲ್ಲಿ ಬೆಳೆಸುತ್ತಾರೆ. ಅದಕ್ಕೆ ಕೋಳಿಕುಟುಮ ಅಂತಲೂ ಹೆಸರಿದೆ, ಆದರೂ ಕೋಳಿಗೂ ಅದಕ್ಕೂ ಸ್ನೇಹವಿಲ್ಲ. ಗೆಡ್ಡೆ ಮತ್ತು ಬೀಜ ಎರಡೂ ಬಹಳ ಕೆಟ್ಟವು. ಕುಂಡ ಬದಲಿಸುವಾಗ ಗೆಡ್ಡೆ ಚೂರು ಹಿತ್ತಿಲಲ್ಲಿ ಬೀಳದಂತೆ ನೋಡಿಕೊಳ್ಳಿ.

ಬೆಣ್ಣೆಹಣ್ಣಿನ ಮರದ ಬಗ್ಗೆ ಗಾಬರಿ ಬೇಡ, ಎಚ್ಚರ ಇರಲಿ. ಅದರ ಎಲೆ, ಸಿಪ್ಪೆ, ಬೀಜದಲ್ಲಿ ಪರ್ಸಿನ್ ಅನ್ನುವ ವಿಷ ಇದೆ. ಪಂಜರದ ಲವ್ ಬರ್ಡ್ಸ್, ಗಿಳಿಗಳಿಗೆ ಅದು ನಿಜವಾಗಿ ಅಪಾಯ, ಮನೆಯಲ್ಲಿ ಗಿಳಿಯಿದ್ದರೆ ಹಣ್ಣಿನ ಒಂದು ತುಣುಕೂ ಬೇಡ. ಕೋಳಿ ಅವುಗಳಿಗಿಂತ ಗಟ್ಟಿ. ಕೆಳಗೆ ಬಿದ್ದ ಕೊಳೆತ ಹಣ್ಣನ್ನು ದಿನಾ ಬೆಳಗ್ಗೆ ಎತ್ತಿ ಹಾಕಿದರೆ ಸಾಕು. ಅದಕ್ಕಾಗಿ ಪಕ್ಕದ ಮನೆಯವರ ಜೊತೆ ಜಗಳ ಮಾಡಬೇಡಿ.

ಲಂಟಾನ ದನಗಳ ಶತ್ರು, ತಿಂದ ದನಕ್ಕೆ ಲಿವರ್ ಕೆಟ್ಟು ಬಿಸಿಲಿಗೆ ಚರ್ಮ ಸುಲಿಯುತ್ತದೆ. ಹಣ್ಣಾದ ಕಪ್ಪು ಕಾಯಿಯನ್ನು ಪಿಕಳಾರಗಳು ದಿನವಿಡೀ ತಿನ್ನುತ್ತವೆ. ಹಸಿರು ಕಾಯಿ ಒಳ್ಳೆಯದಲ್ಲ. ಕಾಂಗ್ರೆಸ್ ಗಿಡವನ್ನು ಕೋಳಿ ಮುಟ್ಟುವುದೇ ಇಲ್ಲ, ಕೀಳುವಾಗ ನಿಮ್ಮ ಕೈಗೆ ಗ್ಲೌಸ್ ಹಾಕಿಕೊಳ್ಳಿ ಅಷ್ಟೇ.

ಇನ್ನು ಆ ಪಟ್ಟಿ. ಅಂಥ ಪಟ್ಟಿಗಳನ್ನು ಬರೆದವರ ಹಿತ್ತಿಲು ಇಂಗ್ಲೆಂಡಿನಲ್ಲೋ ಅಮೆರಿಕದಲ್ಲೋ ಇರುತ್ತದೆ. ಅರ್ಧ ಗಿಡಗಳನ್ನು ನೀವು ಲಾಲ್‌ಬಾಗಿನಲ್ಲೂ ಕಾಣಲಾರಿರಿ. ನಮ್ಮ ಎಕ್ಕ, ಗುಲಗಂಜಿ ಅದರಲ್ಲಿ ಇರುತ್ತವೋ ಇಲ್ಲವೋ. ಕಾಗೆ ಸೊಪ್ಪು, ಗಣಿಕೆ ಅಂತಲೂ ಅನ್ನುತ್ತೇವಲ್ಲ, ಅದು ಅಲ್ಲಿಯವರ ಕಣ್ಣಿಗೆ ಬರೀ ವಿಷದ ಗಿಡ. ನಾವು ಅದರ ಸೊಪ್ಪನ್ನು ಬೇಯಿಸಿ ಸಾರು, ತಂಬುಳಿ ಮಾಡುತ್ತೇವೆ. ಎರಡರಲ್ಲೂ ನಿಜ ಇದೆ. ಅದರ ಹಸಿರು ಕಾಯಿಯಲ್ಲಿ ವಿಷ ಇದೆ, ಕಪ್ಪಗೆ ಹಣ್ಣಾದ ಮೇಲೆ ಇಳಿಯುತ್ತದೆ. ಕೋಳಿ ಹಣ್ಣು ತಿಂದರೆ ತಿನ್ನಲಿ. ಹಸಿರು ತಿರುಗಿದ ಆಲೂಗಡ್ಡೆ ಸಿಪ್ಪೆಯಲ್ಲಿರುವುದೂ ಅದೇ ಬಗೆಯ ವಿಷ, ಅದನ್ನು ಹಾಕಬೇಡಿ. ಒಣಗಿದ ರಾಜ್ಮಾ, ಹುರುಳಿಕಾಯಿ ಬೀಜವನ್ನು ಹಸಿಯಾಗಿ ಹಾಕಬೇಡಿ, ಬೇಯಿಸಿದರೆ ಅಡ್ಡಿಯಿಲ್ಲ.

ಹಿತ್ತಿಲ ಕೋಳಿಗೆ ದೊಡ್ಡ ವಿಷ ಯಾವುದು ಅಂತ ಯಾರಾದರೂ ಕೇಳಿದರೆ ನಾನು ಗಿಡದ ಹೆಸರು ಹೇಳುವುದೇ ಇಲ್ಲ. ಬೂಸ್ಟು ಹಿಡಿದ ಮುಸುಕಿನ ಜೋಳ, ಬೂಸ್ಟು ಹಿಡಿದ ಕಡಲೆಕಾಯಿ ಹಿಂಡಿ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಕೆಲವೇ ತಿಂಗಳಲ್ಲಿ ಸತ್ತವು. ಏನಂತ ತಿಳಿಯದೆ ಟರ್ಕಿ ಎಕ್ಸ್ ರೋಗ ಅಂತ ಹೆಸರಿಟ್ಟರು. ಹುಡುಕುತ್ತಾ ಹೋದರೆ ಸಿಕ್ಕಿದ್ದು ಬ್ರೆಜಿಲ್‌ನಿಂದ ಬಂದಿದ್ದ ಕಡಲೆಕಾಯಿ ಹಿಂಡಿ, ಅದರ ಮೇಲಿದ್ದ ಬೂಸ್ಟು. ಆ ಬೂಸ್ಟಿನ ವಿಷಕ್ಕೇ ಅಫ್ಲಾಟಾಕ್ಸಿನ್ ಅಂತ ಹೆಸರು ಬಂತು. ಬಾತುಕೋಳಿ, ಟರ್ಕಿಯಷ್ಟು ಕೋಳಿ ಸೂಕ್ಷ್ಮ ಅಲ್ಲ, ಆದರೆ ಲಿವರ್ ನಿಧಾನಕ್ಕೆ ಹಾಳಾಗುತ್ತದೆ, ಮೊಟ್ಟೆ ಕಮ್ಮಿಯಾಗುತ್ತದೆ, ಲಸಿಕೆಯೂ ಸರಿಯಾಗಿ ಹತ್ತುವುದಿಲ್ಲ. ನಮ್ಮ ಮಳೆಗಾಲದಲ್ಲಿ ಅಡುಗೆಮನೆ ಹಿಂದಿನ ಚೀಲಕ್ಕೆ ಬೂಸ್ಟು ಬರಲು ಒಂದು ವಾರ ಸಾಕು. ನಾವು ತಿನ್ನಲಾರದ್ದನ್ನು ಕೋಳಿಗೆ ಹಾಕೋಣ ಅನ್ನುವ ಬುದ್ಧಿ ಇದೆಯಲ್ಲ, ಅದನ್ನು ಬಿಡಬೇಕು. ಉಪ್ಪಿನಕಾಯಿ ರಸ, ಹಳೇ ಹಪ್ಪಳ, ಉಪ್ಪುಮೆಣಸಿನಕಾಯಿ ಇವೂ ಬೇಡ. ಉಪ್ಪು ಜಾಸ್ತಿಯಾದರೆ ಕೋಳಿ ಸಾಯುತ್ತದೆ, ಅದರಲ್ಲೂ ನೀರು ಕಮ್ಮಿ ಇದ್ದ ದಿನ.

ಇಲಿ ಪಾಷಾಣ ಇನ್ನೊಂದು. ಬಿಸ್ಕತ್ತಿನ ಥರ ಬರುವ ಆ ನೀಲಿ, ಕೆಂಪು ತುಂಡುಗಳನ್ನು ಕೋಳಿ ಹುಡುಕಿ ತಿನ್ನುತ್ತದೆ, ವಿಷ ತಿಂದು ಸತ್ತ ಇಲಿಯನ್ನೂ ಎಳೆದಾಡುತ್ತದೆ. ಥಿಮೆಟ್ ಅಂತ ಹಳ್ಳಿಯಲ್ಲಿ ಕರೆಯುವ ಫೋರೇಟ್ ಕೀಟನಾಶಕದ ಹರಳುಗಳು ನೋಡಲು ಥೇಟ್ ಕೋಳಿ ನುಂಗುವ ಸಣ್ಣ ಕಲ್ಲು. ಅದರ ಬಳಕೆ 2020ರ ಕೊನೆಗೆ ನಿಂತಿರಬೇಕು. ಊರಿಂದ ಬಂದ ಹಳೇ ಪ್ಯಾಕೆಟ್ಟು ಮಾಳಿಗೆಯ ಮೇಲೆ ಇದ್ದರೂ ಇರಬಹುದು, ನೋಡಿ. ಇನ್ನು ಥರ್ಮೊಕೋಲ್. ಟಿವಿ ಡಬ್ಬಿಯ ಥರ್ಮೊಕೋಲ್ ಹಿತ್ತಿಲಿಗೆ ಹಾಕಿ ನೋಡಿ, ಬೇಡ, ಹಾಕಬೇಡಿ, ರಾಗಿಗಿಂತ ಖುಷಿಯಾಗಿ ತಿನ್ನುತ್ತವೆ. ಯಾಕೋ ದೇವರೇ ಬಲ್ಲ.

ಯಾವಾಗಲಾದರೂ ವಿಷ ಅಂತ ಅನುಮಾನ ಬಂದರೆ ಗಂಟಲಿಗೆ ಏನನ್ನೂ ಹುಯ್ಯಬೇಡಿ. ಉಪ್ಪು ನೀರು, ಹುಣಸೆ ನೀರು, ಎಣ್ಣೆ, ಮಜ್ಜಿಗೆ ಯಾವುದೂ ಬೇಡ. ಕೋಳಿಯ ಬಾಯಿ ತೆರೆದು ನೋಡಿ, ನಾಲಿಗೆಯ ಬುಡದಲ್ಲೇ ಒಂದು ಸೀಳು ತೆರೆದು ಮುಚ್ಚುತ್ತಾ ಇರುತ್ತದೆ, ಅದು ಉಸಿರಿನ ದಾರಿ. ಸುರಿದದ್ದು ಅಲ್ಲಿಗೇ ಹೋಗುತ್ತದೆ. ನಾಯಿಯ ಥರ ಕೋಳಿ ವಾಂತಿ ಮಾಡಿ ಹೊರಹಾಕುವುದೂ ಇಲ್ಲ. ನೆರಳಿನಲ್ಲಿ ಒಂದು ರಟ್ಟಿನ ಡಬ್ಬಿಯಲ್ಲಿ ಕೂರಿಸಿ, ಪಕ್ಕದಲ್ಲಿ ನೀರಿಡಿ, ತಿಂದಿರಬಹುದಾದ ಗಿಡದ ಒಂದು ಕೊಂಬೆಯನ್ನು ಕವರಿನಲ್ಲಿ ಹಾಕಿಕೊಂಡು ಡಾಕ್ಟರ ಹತ್ತಿರ ಹೋಗಿ. ಕೊಂಬೆ ಮರೆಯಬೇಡಿ. ‘ಹಸಿರು ಎಲೆ, ಗುಲಾಬಿ ಹೂ’ ಅಂದರೆ ನಮಗೆ ಏನೂ ತಿಳಿಯುವುದಿಲ್ಲ. ಕತ್ತು ಪೂರ್ತಿ ಜೋತುಬಿದ್ದು, ಹಿಡಿದು ಎಳೆದರೆ ಗರಿ ಸುಲಭವಾಗಿ ಬಂದರೆ, ಹತ್ತಿರದಲ್ಲಿ ಸತ್ತ ಇಲಿ, ಹೆಗ್ಗಣ ಕೊಳೆತು ಹುಳ ಬಿದ್ದಿದೆಯಾ ಅಂತ ಹುಡುಕಿ. ಆ ಹುಳ ತಿಂದರೂ ಕೋಳಿಗೆ ಲಕ್ವ ಹೊಡೆಯುತ್ತದೆ, ಅದು ಬೊಟುಲಿಸಂ.

ಸತ್ತರೆ ಕುಯ್ಯಿಸಿ ನೋಡುವುದೇ ಸರಿ. ಹೆಬ್ಬಾಳದಲ್ಲಿ ಪಶುವೈದ್ಯಕೀಯ ಕಾಲೇಜಿದೆ, ನಿಮ್ಮ ಗಿರಿರಾಜ ತಳಿ ರೂಪುಗೊಂಡದ್ದೂ ಅಲ್ಲೇ. ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆಯೂ ಹೆಬ್ಬಾಳದಲ್ಲೇ ಇದೆ. ಹೆಣವನ್ನು ಎರಡು ಕವರಿನಲ್ಲಿ ಸುತ್ತಿ, ಐಸ್ ಹಾಕಿದ ಡಬ್ಬಿಯಲ್ಲಿಟ್ಟು ಅದೇ ದಿನ ಒಯ್ಯಿರಿ. ಫ್ರೀಜರಿನಲ್ಲಿ ಇಡಬೇಡಿ, ಒಳಗಿನ ಅಂಗಗಳು ಕೆಟ್ಟು ಏನೂ ಗೊತ್ತಾಗದಂತೆ ಆಗುತ್ತದೆ. ಒಂದೇ ದಿನ ಎರಡು ಮೂರು ಸತ್ತರೆ ಮುಟ್ಟದೆ ಪಶುಸಂಗೋಪನೆ ಇಲಾಖೆಗೆ ತಿಳಿಸಿ, 1962ಕ್ಕೆ ಫೋನ್ ಮಾಡಿದರೂ ಆಯಿತು. ಹಕ್ಕಿಜ್ವರ ಅಲ್ಲ ಅನ್ನುವುದು ಮೊದಲು ಖಾತ್ರಿಯಾಗಬೇಕು, 2012ರಲ್ಲಿ ಹೆಸರಘಟ್ಟಕ್ಕೇ ಅದು ಬಂದಿತ್ತು. ಮಂಕಾದ ಕೋಳಿಯನ್ನು, ಸಾಯುವ ಮೊದಲು ಕುಯ್ದು ಸಾರು ಮಾಡೋಣ ಅಂತ ಮಾತ್ರ ಯೋಚಿಸಬೇಡಿ. ಅತ್ತೆಯವರಿಗೂ ಹೇಳಿ.

ಕೊನೆಗೊಂದು. ನಿಮ್ಮ ಗಿರಿರಾಜಗಳು ಮೆಷಿನ್ನಿನಲ್ಲಿ ಒಡೆದ ಮರಿಗಳು, ಅವುಗಳಿಗೆ ತಾಯಿ ಇರಲಿಲ್ಲ. ತಾಯಿ ಹೇಟೆ ಒಂದೊಂದು ಕಾಳನ್ನೂ ಕೊಕ್ಕಿನಲ್ಲಿ ಎತ್ತಿ ಬೀಳಿಸಿ, ಕೊಕ್ ಕೊಕ್ ಅಂತ ಕರೆದು ತೋರಿಸುತ್ತದೆ. ತನಗೆ ಕೆಟ್ಟದು ಅಂತ ಗೊತ್ತಿರುವ ಬಣ್ಣದ ಕಾಳನ್ನು ಮರಿಗಳು ತಿನ್ನುವುದು ಕಂಡರೆ ಆ ಕೆದಕುವುದು, ಕುಕ್ಕುವುದು ಜಾಸ್ತಿ ಮಾಡುತ್ತದೆ, ಮರಿಗಳ ಗಮನ ಬೇರೆ ಕಡೆ ಎಳೆಯುತ್ತದೆ. ಇದನ್ನು ಪ್ರಯೋಗ ಮಾಡಿಯೇ ನೋಡಿದ್ದಾರೆ. ನಿಮ್ಮ ಎರಡು ನಾಟಿಯಲ್ಲಿ ಒಂದು ಕಾವಿಗೆ ಕೂತರೆ ನೀರು ಚಿಮುಕಿಸಿ ಎಬ್ಬಿಸಬೇಡಿ. ಈ ಕಾಯಿಲೆಯ ಗಲಾಟೆ ಪೂರ್ತಿ ಮುಗಿದ ಮೇಲೆ, ಹುಂಜ ಇದ್ದೇ ಇದೆಯಲ್ಲ, ಏಳೆಂಟು ಮೊಟ್ಟೆ ಅದರ ಕೆಳಗೆ ಇಡಿ. ಇಪ್ಪತ್ತೊಂದು ದಿನ. ಮರಿಗಳನ್ನು ಕಣಗಿಲೆ ಬೇಲಿಯ ಪಕ್ಕ ಅದೇ ಓಡಾಡಿಸುತ್ತದೆ. ಮೊದಲ ವಾರ ಮುಗಿಯುವುದರೊಳಗೆ ಮರಿಗಳ ಕಣ್ಣಿಗೆ ಲಸಿಕೆ ಹನಿ ಹಾಕಿಸುವ ಕೆಲಸ ನಿಮ್ಮದು.